ರಾಣಿಪುರಂ ತುದಿಯಲ್ಲಿ ಟೆಂಟ್ ಹಾಕಬಹುದಾ? ಕಾಸರಗೋಡಿನ ಕಡಲ ಬದಿ ಒಂದು ರಾತ್ರಿ, ಗುಡ್ಡದ ಬದಿ ಒಂದು ರಾತ್ರಿ

ಪ್ರಶ್ನೆ: ನಾವು ಬದಿಯಡ್ಕದವರು. ನಾನು, ನಮ್ಮವರು, ಹನ್ನೆರಡು ಮತ್ತು ಎಂಟು ವರ್ಷದ ಇಬ್ಬರು ಮಕ್ಕಳು. ಕ್ರಿಸ್ಮಸ್ ರಜೆಯಲ್ಲಿ ಎರಡು ರಾತ್ರಿ ಟೆಂಟಿನಲ್ಲಿ ಮಲಗಬೇಕು ಅಂತ ಮಕ್ಕಳ ಹಟ. ಒಂದು ರಾತ್ರಿ ಕಡಲ ಬದಿ, ಒಂದು ರಾತ್ರಿ ಗುಡ್ಡದ ಮೇಲೆ. ರಾಣಿಪುರಂ ತುದಿಯಲ್ಲೂ ಬೇಕಲ ಕೋಟೆಯ ಪಕ್ಕದ ಮರಳಿನಲ್ಲೂ ಟೆಂಟ್ ಹಾಕಿದ ವಿಡಿಯೋ ನೋಡಿದ್ದೇವೆ. ಅಲ್ಲಿ ಹಾಕಬಹುದಾ? ಇಲ್ಲದಿದ್ದರೆ ನಮ್ಮ ಜಿಲ್ಲೆಯಲ್ಲೇ ಬೇರೆ ಚಂದದ ಜಾಗ ಎಲ್ಲಿದೆ? ಅನುಮತಿ ಯಾರಲ್ಲಿ ಕೇಳಬೇಕು? ಅತ್ತೆಗೂ ಬರುವ ಆಸೆ, ಆದರೆ ಅವರಿಗೆ ಮೊಣಗಂಟು ನೋವು. ಟೆಂಟ್ ಯಾವುದು ತೆಗೆದುಕೊಳ್ಳಲಿ?

ಉತ್ತರ: ಮೊದಲು ನೀವು ಹೆಸರು ಹೇಳಿ ಕೇಳಿದ ಎರಡು ಜಾಗಗಳ ವಿಷಯ ಮುಗಿಸಿಬಿಡೋಣ. ಎರಡರಲ್ಲೂ ಆಗುವುದಿಲ್ಲ.

ರಾಣಿಪುರಂನ ತುದಿ ಅರಣ್ಯ ಇಲಾಖೆಯ ಜಾಗ. ಕೆಳಗೆ ಟಿಕೆಟ್ ತೆಗೆದುಕೊಂಡು ಹತ್ತಬೇಕು, ಹೊತ್ತು ಮುಳುಗುವ ಮೊದಲೇ ಇಳಿದಿರಬೇಕು. ಕಾದಿಟ್ಟ ಅರಣ್ಯದಲ್ಲಿ ಅನುಮತಿ ಇಲ್ಲದೆ ರಾತ್ರಿ ಉಳಿದರೆ 1961ರ ಕೇರಳ ಅರಣ್ಯ ಕಾಯ್ದೆಯ ಪ್ರಕಾರ ಅದು ಅಪರಾಧ. ಕಾಯ್ದೆ ಬಿಡಿ, ಆ ಹುಲ್ಲುಗುಡ್ಡದ ಆಚೆ ಬದಿ ಕೊಡಗಿನ ಕಾಡಿಗೆ ಸೇರಿಕೊಂಡಿದೆ. ಆನೆಗಳಿಗೆ ಅದು ಓಡಾಡುವ ದಾರಿ. ಬೇಕಲ ಕೋಟೆ ಪುರಾತತ್ವ ಇಲಾಖೆಯ ಕೈಯಲ್ಲಿದೆ, ಸಂಜೆ ಬಾಗಿಲು ಹಾಕುತ್ತದೆ. ಪಕ್ಕದ ಪಳ್ಳಿಕ್ಕೆರೆ ಬೀಚ್ ಪಾರ್ಕು ರಜೆಯಲ್ಲಿ ಜಾತ್ರೆಯ ಹಾಗಿರುತ್ತದೆ. ಅಲ್ಲಿ ಟೆಂಟ್ ಬಿಡಿ, ಚಾಪೆ ಹಾಸಲಿಕ್ಕೂ ಜಾಗ ಸಿಗುವುದು ಕಷ್ಟ. ನೀವು ನೋಡಿದ ವಿಡಿಯೋಗಳಲ್ಲಿ ಎಷ್ಟೋ ಜನ ಸುಮ್ನೆ ಟೆಂಟ್ ಬಿಚ್ಚಿ, ಫೋಟೋ ಹೊಡೆದು, ಮತ್ತೆ ಮಡಚಿಕೊಂಡು ಹೋದವರು. ರಾತ್ರಿ ಮಲಗಿದ್ದು ತೋರಿಸಿದ್ದಾರಾ ಅಂತ ಇನ್ನೊಮ್ಮೆ ನೋಡಿ.

ಹಾಗಂತ ಮಕ್ಕಳಿಗೆ ಬೇಜಾರು ಮಾಡಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಟೆಂಟ್ ಹಾಕುವವರು ಒಂದು ವಿಷಯ ಒಪ್ಪಿಕೊಳ್ಳಬೇಕು: ನೋಡುವ ಜಾಗ ಬೇರೆ, ಮಲಗುವ ಜಾಗ ಬೇರೆ. ನೋಟಕ್ಕೆ ತುದಿ ಬೇಕು, ಅಲೆಯ ಅಂಚು ಬೇಕು. ನಿದ್ದೆಗೆ ಬೇಕಾದದ್ದು ಸಮತಟ್ಟು ನೆಲ, ನೀರು, ಕಕ್ಕಸು, ಮತ್ತು ರಾತ್ರಿ ಕರೆದರೆ ಓಗೊಡುವಷ್ಟು ಹತ್ತಿರ ಒಂದು ಮನೆ. ಈ ಎರಡರ ನಡುವೆ ಹತ್ತು ಹದಿನೈದು ನಿಮಿಷದ ದಾರಿ ಇದ್ದರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಎರಡೂ ಒಂದೇ ಕಡೆ ಸಿಗಬೇಕು ಅಂತ ಹುಡುಕಿ ಹೊರಟವರೇ ಕೊನೆಗೆ ತೊಂದರೆಗೆ ಸಿಕ್ಕಿಕೊಳ್ಳುವುದು.

ಹೆದರಿಸಲಿಕ್ಕೆ ಹೇಳುತ್ತಿಲ್ಲ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ಕಾಡಿನಂಚಿನ ರಿಸಾರ್ಟೊಂದರ ಟೆಂಟಿನಲ್ಲಿ ತಂಗಿದ್ದ ಯುವತಿಯೊಬ್ಬರನ್ನು ಕಾಡಾನೆ ಕೊಂದಿತು. 2018ರ ಮಾರ್ಚಿನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಗುಡ್ಡದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಚಾರಣಿಗರು ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಈಗ ಎಲ್ಲ ಕಡೆ ಇಲಾಖೆಯವರು ಬಿಗಿ ಮಾಡಿರುವುದಕ್ಕೆ ಕಾರಣ ಇದೆ. ನಿಮ್ಮದೇ ಕಡೆ ಕಾರಡ್ಕ, ಮುಳಿಯಾರು, ದೇಲಂಪಾಡಿಯಲ್ಲಿ ಆನೆ ತೋಟಕ್ಕೆ ನುಗ್ಗುವ ಸುದ್ದಿ ಹೊಸತಲ್ಲ ಅಲ್ವಾ? ಆ ಬದಿಯ ಕಾಡಿನಂಚಿನಲ್ಲಿ, ನೆಂಟರ ತೋಟವೇ ಆದರೂ, ಟೆಂಟ್ ಬೇಡ.

ಇನ್ನು ಗುಡ್ಡ. ನಿಮಗೆ ನಾನು ಹೇಳುವುದು ಪೊಸಡಿ ಗುಂಪೆ. ಧರ್ಮತ್ತಡ್ಕದ ಹತ್ತಿರ, ನಿಮ್ಮ ಮನೆಯಿಂದ ದೂರವೂ ಅಲ್ಲ. ಎತ್ತರ ಸಾವಿರ ಅಡಿಯ ಆಸುಪಾಸು, ರಾಣಿಪುರಂನ ಮುಂದೆ ಅದು ಕುಳ್ಳ. ಆದರೆ ಸುತ್ತ ಅದಕ್ಕೆ ಅಡ್ಡ ನಿಲ್ಲುವ ಗುಡ್ಡ ಇಲ್ಲ. ಪೂರ್ವಕ್ಕೆ ಘಟ್ಟದ ಸಾಲು, ಪಶ್ಚಿಮಕ್ಕೆ ಕಡಲು. ಆಕಾಶ ತೊಳೆದಂತಿದ್ದರೆ ಉತ್ತರದಲ್ಲಿ ಮಂಗಳೂರಿನ ಕಡೆಯೂ, ಅದರಾಚೆ ಕುದುರೆಮುಖದ ಕಡೆಯ ಬೆಟ್ಟಗಳೂ ಕಾಣುತ್ತವೆ. ಒಂದೇ ಗುಡ್ಡದಲ್ಲಿ ನಿಂತು ಸೂರ್ಯ ಹುಟ್ಟುವುದನ್ನೂ ಕಡಲಿಗೆ ಇಳಿಯುವುದನ್ನೂ ನೋಡಬಹುದಾದ ಜಾಗ ನಮ್ಮಲ್ಲಿ ಜಾಸ್ತಿ ಇಲ್ಲ.

ಅದರ ತಲೆಯ ಮೇಲೆ ಮಲಗಬೇಡಿ. ಮುಸ್ಸಂಜೆಗೆ ಹತ್ತಿ, ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ ಮೇಲೆ ಟಾರ್ಚ್ ಹಿಡಿದು ಇಳಿಯಿರಿ. ಬುಡದ ಊರಿನಲ್ಲಿ, ಬಾಯಾರು ಪೆರ್ಮುದೆ ಕಡೆ, ಗುರುತಿನವರ ಅಂಗಳದಲ್ಲೋ ತೋಟದ ಬದಿಯಲ್ಲೋ ಟೆಂಟ್ ಹಾಕಿ. ಬದಿಯಡ್ಕದವರಿಗೆ ಆ ಕಡೆ ಒಂದು ನೆಂಟರ ಮನೆ ಇಲ್ಲ ಅಂದರೆ ನಾನು ನಂಬುವುದಿಲ್ಲ. ಬೆಳಗ್ಗೆ ಐದೂವರೆಗೆ ಮಕ್ಕಳನ್ನು ಎಬ್ಬಿಸಿ ಮತ್ತೆ ಹತ್ತಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವಾಗ ಆರೂ ಮುಕ್ಕಾಲು ದಾಟುತ್ತದೆ, ಆದರೆ ಚಂದ ಇರುವುದು ಅದಕ್ಕೂ ಅರ್ಧ ಗಂಟೆ ಮೊದಲು. ತಗ್ಗಿನ ಅಡಿಕೆ ತೋಟಗಳ ಮೇಲೆ ಮಂಜು ಬಿಳಿ ಪಟ್ಟಿಯಾಗಿ ನಿಂತಿರುತ್ತದೆ, ಎಲ್ಲಿ ತೋಡು ಹರಿಯುತ್ತದೋ ಅದೇ ಗೆರೆಯಲ್ಲಿ. ಬಿಸಿಲು ಬಿದ್ದ ಮೇಲೆ ಅದು ಬೇಗ ಕರಗಿಹೋಗುತ್ತದೆ.

ತುದಿ ಬೇಡ ಅನ್ನುವುದಕ್ಕೆ ಮುಖ್ಯ ಕಾರಣ ಸಿಡಿಲು. ಮುರಕಲ್ಲಿನ (ಜಂಬಿಟ್ಟಿಗೆಯ) ಬೋಳು ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ ಮೇಲೆ ನೀವು ನಿಂತರೆ ಸುತ್ತಲಿನ ಎಲ್ಲದಕ್ಕಿಂತ ಎತ್ತರ ನೀವೇ. ನೀವು ಮಲಗಿದರೆ ಟೆಂಟಿನ ಕೋಲೇ ಎತ್ತರ. ಅಕ್ಟೋಬರ್ ನವೆಂಬರಿನ ತುಲಾ ಮಳೆ, ಏಪ್ರಿಲ್ ಮೇ ತಿಂಗಳ ಬೇಸಿಗೆ ಮಳೆ ಎರಡೂ ಸಿಡಿಲು ಕಟ್ಟಿಕೊಂಡೇ ಬರುತ್ತವೆ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ತನಕ ಬಯಲಿನಲ್ಲಿ ಇರಬೇಡಿ ಅಂತ ಕೇರಳದ ವಿಪತ್ತು ನಿರ್ವಹಣೆಯವರು ಪ್ರತಿ ಸಲ ಹೇಳುವುದು ಅದಕ್ಕೇ. ಡಿಸೆಂಬರಿನಲ್ಲಿ ಇದು ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಪಶ್ಚಿಮದಲ್ಲಾಗಲಿ ಪೂರ್ವದಲ್ಲಾಗಲಿ ಒಂದು ಗುಡುಗು ಕೇಳಿದರೆ ಅತ್ತ ಇತ್ತ ನೋಡದೆ ಇಳಿದು ಮನೆಯೊಳಗೆ ಹೋಗಿ. ಟೆಂಟ್ ಸಿಡಿಲಿಗೆ ಆಸರೆಯೇ ಅಲ್ಲ. ಕಾರಿನೊಳಗೆ ಗಾಜು ಏರಿಸಿ ಕೂರುವುದು ಅದಕ್ಕಿಂತ ಎಷ್ಟೋ ಮೇಲು.

ಇನ್ನೊಂದು, ಬೆಂಕಿ. ಡಿಸೆಂಬರ್ ಕೊನೆಗೆ ಮುಳಿಹುಲ್ಲು ಒಣಗಿ ಹಳದಿಯಾಗಿರುತ್ತದೆ. ಒಂದು ಕಿಡಿ ಸಾಕು, ಗುಡ್ಡ ಪೂರ್ತಿ ಹೋಗುತ್ತದೆ, ಕೆಳಗಿನ ಗೇರು ತೋಟವೂ ಹೋಗುತ್ತದೆ. ಕ್ಯಾಂಪ್ ಅಂದರೆ ಕ್ಯಾಂಪ್‌ಫೈರ್ ಅಂತ ಮಕ್ಕಳು ಹೇಳುತ್ತಾರೆ, ಸಹಜ. ಅಂಗಳದ ಮಧ್ಯದಲ್ಲಿ, ಮನೆಯವರು ತೋರಿಸಿದ ಕಡೆ, ಪಕ್ಕದಲ್ಲಿ ಎರಡು ಕೊಡಪಾನ ನೀರಿಟ್ಟುಕೊಂಡು ನಾಲ್ಕು ಗೆರಟೆ ಉರಿಸಿ. ತೆಂಗಿನ ಗೆರಟೆಯ ಕೆಂಡ ಚೆನ್ನಾಗಿ ಕಾವು ಕೊಡುತ್ತದೆ, ಗೆಣಸು ಸುಡಲಿಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಗುಡ್ಡದ ಮೇಲೆ ಬೆಂಕಿಪೆಟ್ಟಿಗೆಯನ್ನು ಕಿಸೆಯಿಂದ ಹೊರಗೆ ತೆಗೆಯುವುದೇ ಬೇಡ.

ನಮ್ಮ ಪದವುಗಳ ನೆಲದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಹೊರಗಿನವರು ಬರೆದ ಕ್ಯಾಂಪಿಂಗ್ ಸಲಹೆಗಳಲ್ಲಿ ಇದು ಸಿಗುವುದಿಲ್ಲ. ಮುರಕಲ್ಲಿಗೆ ಟೆಂಟಿನ ಮೊಳೆ ಇಳಿಯುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಮೊಳೆಯೇ ಬಗ್ಗುತ್ತದೆ. ಅದಕ್ಕೆ ಮೊಳೆ ಇಲ್ಲದೆಯೂ ತಾನಾಗಿ ನಿಲ್ಲುವ ಗುಮ್ಮಟದಂಥ ಟೆಂಟ್ ಬೇಕು. ನಾಲ್ಕು ಮೂಲೆಯ ಹಗ್ಗಕ್ಕೆ ಕಲ್ಲು ಕಟ್ಟಬೇಕು. ಹಗ್ಗವನ್ನು ನೇರ ಕಲ್ಲಿಗೆ ಸುತ್ತಿದರೆ ಮುರಕಲ್ಲಿನ ಒರಟು ಮೈ ಬೆಳಗಾಗುವುದರೊಳಗೆ ಅದನ್ನು ಕೊಯ್ದುಹಾಕುತ್ತದೆ, ನಡುವೆ ಹಳೆ ಬಟ್ಟೆಯ ತುಂಡು ಸುತ್ತಿ. ಕಲ್ಲನ್ನು ಯಾರದೋ ಕಟ್ಟಪುಣಿಯಿಂದ (ಬದುವಿನಿಂದ) ಕಿತ್ತು ತರಬೇಡಿ. ಮತ್ತೆ, ಈ ಕಲ್ಲು ಹಗಲಿಡೀ ಬಿಸಿಲು ಕುಡಿದು ರಾತ್ರಿ ಎಂಟು ಒಂಬತ್ತರ ತನಕ ಬಿಸಿ ಬಿಡುತ್ತಾ ಇರುತ್ತದೆ. ಡಿಸೆಂಬರಿನಲ್ಲೂ ನಮ್ಮ ಹಗಲು 33 ಡಿಗ್ರಿ ಮುಟ್ಟುವುದುಂಟು. ಏಳು ಗಂಟೆಗೆ ಟೆಂಟಿನೊಳಗೆ ಹೋದರೆ ಬೆವರಿ ಹೊರಗೆ ಬರುತ್ತೀರಿ, ಬೆಳಗಿನ ಜಾವಕ್ಕೆ ಅದೇ ನೆಲ ತಣ್ಣಗೆ ಕೊರೆಯುತ್ತದೆ. ಅಂಗಳದ ಮಣ್ಣು ಇದಕ್ಕಿಂತ ಹಿತ. ಆದರೆ ಅಡಿಕೆ ಒಣ ಹಾಕುವ ಕಾಲ ಅದು, ಅಂಗಳ ಖಾಲಿ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ.

ನೀರು ಮನೆಯವರಲ್ಲೇ ಕೇಳಿ. ಬಾಯಾರು, ಎಣ್ಮಕಜೆ ಬದಿಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಸುರಂಗದ ನೀರು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಆ ಸುರಂಗ ಮಕ್ಕಳಿಗೆ ತೋರಿಸಬೇಕಾದ್ದೇ. ಬಾಯಿಯ ಹತ್ತಿರ ನಿಂತು ಒಳಗೆ ಟಾರ್ಚ್ ಹಾಯಿಸಿದರೆ ಗೋಡೆಯ ಮೇಲೆ ಗುದ್ದಲಿಯ ಗುರುತು ಕಾಣುತ್ತದೆ, ಕೆಳಗೆ ಪಾದ ಮುಳುಗುವಷ್ಟು ನೀರು ತಣ್ಣಗೆ ಹರಿಯುತ್ತಿರುತ್ತದೆ. ಒಳಗೆ ಹೋಗುವುದು ಮನೆಯವರು ಜೊತೆಗಿದ್ದರೆ ಮಾತ್ರ. ಬಾವಲಿ, ಹಾವು ಎರಡೂ ಇರಬಹುದು. ಬೇರೆ ತೋಡಿನ ನೀರಾದರೆ ಕುದಿಸಿಯೇ ಕುಡಿಯಿರಿ.

ಹಾಗಾದರೆ ರಾಣಿಪುರಂ? ಹೋಗಿ, ಖಂಡಿತ ಹೋಗಿ, ಹಗಲಿಗೆ. ಕಾಞಂಗಾಡಿನಿಂದ ಪಾಣತ್ತೂರು ರಸ್ತೆ ಹಿಡಿದು ಪನತ್ತಡಿಯಲ್ಲಿ ತಿರುಗಬೇಕು. ಹಳೆ ಹೆಸರು ಮಾಡತ್ತುಮಲೆ. 1970ರಲ್ಲಿ ಕೋಟ್ಟಯಂನ ಕ್ರೈಸ್ತ ಧರ್ಮಪ್ರಾಂತ್ಯ ಅಲ್ಲಿ ಜಾಗ ಕೊಂಡು ತೆಂಕಣದ ವಲಸಿಗರನ್ನು ನೆಲೆ ಮಾಡಿದ ಮೇಲೆ ರಾಣಿಪುರಂ ಆಯಿತು. ಟಿಕೆಟ್ ಕೌಂಟರಿನಿಂದ ತುದಿಗೆ ಸುಮಾರು ಎರಡೂವರೆ ಕಿಲೋಮೀಟರು, ಮೊದಲು ಕಾಡು, ಆಮೇಲೆ ಹುಲ್ಲು. ತುದಿ ಸಾವಿರ ಮೀಟರಿಗೆ ತುಸು ಮೇಲೆ. ನಿಮ್ಮ ಎಂಟು ವರ್ಷದ ಮಗು ಆರಾಮವಾಗಿ ಹತ್ತುತ್ತದೆ, ಅಪ್ಪ ಏದುಸಿರು ಬಿಡುತ್ತಾರೆ ಅಷ್ಟೇ. ಡಿಸೆಂಬರಿನಲ್ಲಿ ಉಂಬಳದ (ಜಿಗಣೆಯ) ಕಾಟ ಕಡಿಮೆ. ಮಳೆಗಾಲದಲ್ಲಾದರೆ ಕಾಲ್ಚೀಲಕ್ಕೆ ಉಪ್ಪು ಅಥವಾ ಸಾಬೂನು ಉಜ್ಜಿಕೊಳ್ಳದೆ ಹೋಗುವ ಮಾತೇ ಇಲ್ಲ. ರಾತ್ರಿ ಅಲ್ಲೇ ಇರಬೇಕು ಅಂದರೆ ಬುಡದಲ್ಲಿ ಪ್ರವಾಸೋದ್ಯಮದವರ ಕಾಟೇಜುಗಳಿವೆ, ಹೋಂಸ್ಟೇಗಳೂ ಇವೆ. ಕಾಂಪೌಂಡಿನೊಳಗೆ ಟೆಂಟ್ ಹಾಕಲು ಬಿಡುತ್ತೀರಾ ಅಂತ ಬುಕ್ ಮಾಡುವಾಗಲೇ ಕೇಳಿ. ಕೊನ್ನಕ್ಕಾಡಿನ ಮೇಲಿನ ಕೊಟ್ಟಂಚೇರಿಯೂ ಇದೇ ಜಾತಿಯ ಗುಡ್ಡ, ಜನ ಕಡಿಮೆ, ದಾರಿ ಒರಟು. ಚಿಕ್ಕ ಮಕ್ಕಳ ಮೊದಲ ಕ್ಯಾಂಪಿಗೆ ಅದು ಬೇಡ.

ಈಗ ಕಡಲು. ತಲಪ್ಪಾಡಿಯಿಂದ ತೃಕ್ಕರಿಪುರದ ತನಕ ನಮ್ಮ ಜಿಲ್ಲೆಗೆ ಉದ್ದನೆಯ ತೀರ ಇದೆ. ಆದರೆ ಟೆಂಟಿಗೆ ಅಂತ ನೋಡಿದರೆ ಆಯ್ಕೆ ಬೇಗ ಸಣ್ಣದಾಗುತ್ತದೆ. ಮಂಜೇಶ್ವರದ ಕಣ್ವತೀರ್ಥ ಚಂದದ ಬೀಚು, ಭಾಷೆಯೂ ನಮ್ಮದೇ. ಮಧ್ವಾಚಾರ್ಯರ ಶಿಷ್ಯರ ಕತೆಯೊಂದಿಗೆ ಸೇರಿದ ಕ್ಷೇತ್ರ, ಸಂಜೆಗೆ ಒಳ್ಳೆಯದು. ಬೇಕಲದ ಸಮೀಪದ ಕಪ್ಪಿಲ್ ಬೀಚು ಪಳ್ಳಿಕ್ಕೆರೆಗಿಂತ ಎಷ್ಟೋ ಶಾಂತ, ಪಕ್ಕದಲ್ಲಿ ಕೋಡಿಯ ಬಂಡೆ ಇದೆ. ಇಲ್ಲೂ ಸೂರ್ಯಾಸ್ತ ನೋಡಿ ಹೊರಡುವುದೇ ಸರಿ. ಹಕ್ಕಿ ನೋಡುವ ಹುಚ್ಚಿದ್ದರೆ ಕುಂಬಳೆ ಬದಿಯ ಕಿದೂರು, ಶಿರಿಯ ಅಳಿವೆ.

ರಾತ್ರಿಗೆ ನನ್ನ ಆಯ್ಕೆ ವಲಿಯಪರಂಬ. ಜಿಲ್ಲೆಯ ತೆಂಕು ತುದಿಯಲ್ಲಿ ಉದ್ದಕ್ಕೆ ಮಲಗಿದ ಒಂದು ಮರಳು ಪಟ್ಟಿ ಅದು. ಒಂದು ಬದಿ ಅರಬ್ಬಿ ಕಡಲು, ಇನ್ನೊಂದು ಬದಿ ಕವ್ವಾಯಿ ಹಿನ್ನೀರು. ಕೆಲವು ಕಡೆ ಈ ನೀರಿನಿಂದ ಆ ನೀರಿಗೆ ನಡೆದರೆ ಹತ್ತು ನಿಮಿಷವೂ ಬೇಡ. ನಡುವೆ ತೆಂಗಿನ ತೋಟ, ಮನೆ, ಶಾಲೆ, ಪಳ್ಳಿ (ಮಸೀದಿ), ಕಾವು (ದೇವರ ಬನ). ಕಡಲ ಅಬ್ಬರ ಒಂದು ಕಿವಿಗೆ, ಹಿನ್ನೀರಿನ ಮೌನ ಇನ್ನೊಂದಕ್ಕೆ. ಹೋಂಸ್ಟೇಗಳು ಇವೆ, ಅವುಗಳ ಹಿತ್ತಲು ಸಾಧಾರಣವಾಗಿ ಹಿನ್ನೀರಿಗೇ ಮುಖ ಮಾಡಿರುತ್ತದೆ. ಅಲ್ಲಿ ಟೆಂಟ್ ಹಾಕಿ, ಕಡಲು ನೋಡಲಿಕ್ಕೆ ನಡೆದು ಹೋಗಿ. ಬೆಳಗ್ಗೆ ಆಯಿಟ್ಟಿ ಕಡವಿನಿಂದ ಸರ್ಕಾರಿ ದೋಣಿ ಸಿಕ್ಕರೆ ಮಕ್ಕಳಿಗೆ ಅದೇ ದೊಡ್ಡ ಪ್ರವಾಸ. ಇಡಯಿಲೆಕ್ಕಾಡಿನ ನಾಗನ ಕಾವೂ ಹತ್ತಿರ, ಅಲ್ಲಿನ ಮಂಗಗಳಿಗೆ ಚೀಲದ ವಾಸನೆ ಬೇಗ ಸಿಗುತ್ತದೆ, ಜಾಗ್ರತೆ.

ಹಿನ್ನೀರಿನ ಬದಿ ಯಾಕೆ ಅಂದರೆ ಕಡಲ ಬದಿಯ ಮರಳು ರಾತ್ರಿ ಖಾಲಿ ಇರುವುದಿಲ್ಲ. ಮೂರು ಮೂರೂವರೆಗೆ ಮೀನುಗಾರರು ಬರುತ್ತಾರೆ. ದೋಣಿ ಇಳಿಸುವ ದಾರಿಯಲ್ಲಿ, ಬಲೆ ಹರಡುವ ಜಾಗದಲ್ಲಿ ನಿಮ್ಮ ಟೆಂಟ್ ಇದ್ದರೆ ಅವರಿಗೆ ಕೋಪ ಬರದೆ ಇರುತ್ತದಾ? ಇನ್ನೊಬ್ಬರು ಅತಿಥಿಗಳೂ ಇದ್ದಾರೆ. ನೀಲೇಶ್ವರದ ಅಳಿತ್ತಲೆ, ತೈಕಡಪ್ಪುರ ಕಡೆಯ ಮರಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ಅದೂ ಈ ಚಳಿಗಾಲದ ತಿಂಗಳುಗಳಲ್ಲೇ. ಅಲ್ಲಿನ ನೆಯ್ತಲ್ ಸಂಘಟನೆಯವರು ಮೊಟ್ಟೆ ಕಾಪಾಡಿ ಮರಿಗಳನ್ನು ಕಡಲಿಗೆ ಬಿಡುವ ಕೆಲಸ ಮಾಡುತ್ತಾ ಬಂದಿದ್ದಾರೆ. ತೀರದಲ್ಲಿ ದೀಪ, ಬೆಂಕಿ ಕಂಡರೆ ತಾಯಿ ಆಮೆ ಮೇಲೆ ಬರದೆ ತಿರುಗಿ ಹೋಗುತ್ತದೆ. ಮರಿಗಳಾದರೆ ಕಡಲು ಬಿಟ್ಟು ದೀಪದ ಕಡೆಗೇ ಹರಿದುಕೊಂಡು ಬರುತ್ತವೆ. ಕತ್ತಲಲ್ಲಿ ಕಡಲ ಬದಿ ನಡೆಯುವುದಾದರೆ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ. ಆಮೆ ಕಂಡರೆ ದೂರ ನಿಂತು ನೋಡಿ, ಫ್ಲ್ಯಾಶ್ ಬೇಡವೇ ಬೇಡ.

ಆದರೂ ಮರಳಿನ ಮೇಲೆ ಒಂದು ಗಂಟೆಯಾದರೂ ಟೆಂಟ್ ಹಾಕಿ ಕೂರಬೇಕು ಅಂತ ಮಕ್ಕಳು ಬಿಡುವುದಿಲ್ಲ, ಗೊತ್ತು. ಆಗ ಮರಳನ್ನು ಓದಲು ಕಲಿಸಿ. ತೆರೆ ಬಿಟ್ಟುಹೋದ ಕಸದ ಗೆರೆ ಒಂದಲ್ಲ, ಎರಡು ಮೂರು ಇರುತ್ತವೆ. ಕೆಳಗಿನದು ಇವತ್ತಿನದು, ಒದ್ದೆ. ಮೇಲಿನದು ಒಣಗಿದ್ದು, ಅದರಲ್ಲಿ ತೆಂಗಿನ ಚಿಪ್ಪು, ಚಪ್ಪಲಿ, ಬಾಟಲಿ ಸಿಕ್ಕಿಕೊಂಡಿರುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಭರತಕ್ಕೆ ನೀರು ಅಲ್ಲಿಯ ತನಕ ಬಂದಿತ್ತು ಅಂತ ಅರ್ಥ. ಅದಕ್ಕೂ ಮೇಲೆ ನೇರಳೆ ಹೂವಿನ ಅಡಂಬು ಬಳ್ಳಿ ಹಬ್ಬಿದ್ದರೆ ಅದು ತೆರೆ ದಿನಾ ಮುಟ್ಟದ ಜಾಗ. ಟೆಂಟ್ ಅದರ ಹಿಂದೆ, ಬಳ್ಳಿಯನ್ನು ತುಳಿಯದ ಹಾಗೆ. ಗಾಳಿಮರದ ತೋಪಿದ್ದರೆ ನೆರಳಿಗೆ ಒಳ್ಳೆಯದು, ಆದರೆ ಉದುರಿದ ಎಲೆ ಬೆಂಕಿಗೆ ಎಣ್ಣೆ ಇದ್ದಂತೆ.

ಗಾಳಿ ಇಲ್ಲ, ಮಳೆ ಇಲ್ಲ, ಕಡಲು ಏನು ಮಾಡೀತು ಅಂತ ಅಂದುಕೊಳ್ಳಬೇಡಿ. ಎಲ್ಲೋ ದೂರ, ತೆಂಕಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಉದ್ದುದ್ದ ತೆರೆಗಳು ಸಾವಿರಾರು ಕಿಲೋಮೀಟರು ದಾಟಿ ಬಂದು ನಮ್ಮ ತೀರಕ್ಕೆ ನುಗ್ಗುವುದುಂಟು. ಮೀನುಗಾರರು ಕಳ್ಳಕ್ಕಡಲ್ ಅನ್ನುವುದು ಇದಕ್ಕೇ. ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತದೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೊದಲೇ ಎಚ್ಚರಿಕೆ ಹೊರಡಿಸುತ್ತದೆ, ಕೇರಳದ ಸುದ್ದಿಯಲ್ಲೆಲ್ಲ ಬರುತ್ತದೆ. ಹೊರಡುವ ದಿನ ನೋಡಿಕೊಳ್ಳಿ. ಮಕ್ಕಳು ನೀರಿಗಿಳಿಯುವುದು ಹಗಲಿಗೆ, ಲೈಫ್‌ಗಾರ್ಡ್ ಇರುವ ಬೀಚಿನಲ್ಲಿ, ಮೊಣಕಾಲು ಮಟ್ಟದ ತನಕ ಮಾತ್ರ.

ಮರಳಿಗೂ ಮಾಮೂಲಿ ಮೊಳೆ ನಿಲ್ಲುವುದಿಲ್ಲ. ನಾಲ್ಕು ಸಣ್ಣ ಗೋಣಿಚೀಲ ಒಯ್ಯಿರಿ. ಒಳಗೆ ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಮೊಣಕೈ ಆಳಕ್ಕೆ ಹುಗಿದು ಮೇಲಿಂದ ತುಳಿದರೆ ಯಾವ ಗಾಳಿಗೂ ಜಪ್ಪಯ್ಯ ಅನ್ನುವುದಿಲ್ಲ. ಟೆಂಟಿನ ಬಾಗಿಲು ಯಾವ ಕಡೆ? ಮಧ್ಯಾಹ್ನದ ಗಾಳಿ ಕಡಲಿನಿಂದ ಬರುತ್ತದೆ, ರಾತ್ರಿ ಅದು ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಸಂಜೆಯ ಗಾಳಿ ನೋಡಿ ಹಾಕಿದವರು ನಡುರಾತ್ರಿ ಸೆಕೆಯಲ್ಲಿ ಒದ್ದಾಡುತ್ತಾರೆ. ಎರಡೂ ಬದಿ ಬಲೆಯ ಕಿಟಕಿ ಇರುವ ಟೆಂಟ್ ಆದರೆ ಈ ತಲೆನೋವೇ ಇಲ್ಲ.

ಎಲ್ಲಕ್ಕಿಂತ ಮುಖ್ಯ, ತಲೆ ಎತ್ತಿ ನೋಡಿ. ತೆಂಗಿನ ಮರದಡಿ ಟೆಂಟ್ ಹಾಕಬೇಡಿ. ಹಾವಿಗೆ ಹೆದರುವ ನಮ್ಮ ಜನ ತೆಂಗಿನಕಾಯಿಗೆ ಹೆದರುವುದಿಲ್ಲ, ಅದೊಂದು ವಿಚಿತ್ರ. ಒಂದು ಒಣ ಮಡಲು ಬಿದ್ದರೂ ಟೆಂಟಿನ ಕೋಲು ಮುರಿದು ಒಳಗಿದ್ದವರಿಗೆ ಪೆಟ್ಟಾಗುತ್ತದೆ. ವಲಿಯಪರಂಬದಲ್ಲಿ ತೆಂಗಿಲ್ಲದ ಜಾಗ ಸಿಗುವುದು ಕಷ್ಟ ನಿಜ. ಮನೆಯವರಲ್ಲಿ ಕೇಳಿ, ಕಾಯಿ ಕೊಯ್ದು ಆದ ಮರ ಯಾವುದು ಅಂತ ಅವರಿಗೆ ಗೊತ್ತಿರುತ್ತದೆ. ಎರಡು ಮರಗಳ ನಡುವಿನ ತೆರವಿನಲ್ಲಿ ಹಾಕಿ.

ಅನುಮತಿಯ ಪ್ರಶ್ನೆ ಇಷ್ಟರಲ್ಲೇ ಅರ್ಧ ಮುಗಿಯಿತು. ಖಾಸಗಿ ಜಾಗವಾದರೆ ಮನೆಯವರ ಬಾಯಿಮಾತು ಸಾಕು, ಆದರೆ ಅಕ್ಕಪಕ್ಕದವರಿಗೂ ಅವರಿಂದಲೇ ಒಂದು ಮಾತು ಹೇಳಿಸಿಡಿ. ರಾತ್ರಿ ಹತ್ತಕ್ಕೆ ಯಾರೋ ಅಪರಿಚಿತರು ಬಂದು ಗುಡಾರ ಹಾಕಿದ್ದಾರೆ ಅಂತ ಸುದ್ದಿ ಹಬ್ಬಿದರೆ ನಿಮ್ಮ ನಿದ್ದೆ ಅಲ್ಲಿಗೆ ಮುಗಿಯಿತು. ಪುರಂಬೋಕು, ಅಂದರೆ ಸರ್ಕಾರಿ ಜಾಗವಾದರೆ ಪಂಚಾಯತಿನಲ್ಲಿ ಕೇಳಿ, ಸ್ಥಳೀಯ ಪೊಲೀಸ್ ಠಾಣೆಗೂ ತಿಳಿಸಿ. ಕಡಲ ಬದಿಯಾದರೆ ಕರಾವಳಿ ಪೊಲೀಸರಿಗೆ. ಅರಣ್ಯ ಜಾಗವಾದರೆ ರೇಂಜ್ ಕಚೇರಿಯನ್ನು ಬಿಟ್ಟು ಬೇರೆ ಯಾರ ಮಾತೂ ಲೆಕ್ಕಕ್ಕಿಲ್ಲ. "ಎಲ್ಲ ನಾವು ನೋಡಿಕೊಳ್ಳುತ್ತೇವೆ" ಅನ್ನುವ ಪ್ಯಾಕೇಜಿನವರಲ್ಲಿ ಆ ಅನುಮತಿಯ ಕಾಗದ ತೋರಿಸಿ ಅಂತ ಹೇಳಿ. ತೋರಿಸದಿದ್ದರೆ ಮುಂಗಡ ಕೊಡಬೇಡಿ.

ಟೆಂಟ್ ಕೊಳ್ಳುವ ಮೊದಲು ಬಾಡಿಗೆಗೆ ಸಿಕ್ಕರೆ ಒಂದು ಸಲ ನೋಡಿ. ಕೊಳ್ಳುವುದಾದರೆ ಎರಡು ಪದರದ್ದು. ಒಳಗೆ ಬಲೆ, ಮೇಲೆ ಬೇರೆ ಮುಚ್ಚಿಗೆ. ಒಂದೇ ಪದರದ ಅಗ್ಗದ ಟೆಂಟಿನಲ್ಲಿ ಮಲಗಿದವರ ಉಸಿರೇ ಒಳಮೈಗೆ ಹನಿಯಾಗಿ ಕಟ್ಟಿ ಮುಖಕ್ಕೆ ತೊಟ್ಟಿಕ್ಕುತ್ತದೆ. ಡಿಸೆಂಬರಿನ ನಮ್ಮ ಇಬ್ಬನಿಗೆ ಹೊರಗಡೆಯೂ ಒದ್ದೆ. ನೀರು ತಡೆಯುವ ಅಳತೆ 2000 ಮಿಲಿಮೀಟರ್ ಅಂತ ಬರೆದಿದ್ದರೆ ಈ ಕಾಲಕ್ಕೆ ಧಾರಾಳ ಸಾಕು. ನಾಲ್ಕು ಜನರ ಟೆಂಟ್ ಅಂತ ಚೀಟಿಯಲ್ಲಿದ್ದರೆ ನಾಲ್ಕು ಜನ ಮಲಗಬಹುದು, ಹೊರಳಲಿಕ್ಕಿಲ್ಲ. ಒಂದು ದೊಡ್ಡದರ ಬದಲು ಮೂರು ಜನರದ್ದು ಎರಡು ತೆಗೆದುಕೊಳ್ಳಿ, ಅಂಗಳದಲ್ಲಿ ಹಾಕುವುದೂ ಸುಲಭ. ಕೆಳಗೆ ಟಾರ್ಪಾಲು, ಅದರ ಮೇಲೆ ಫೋಮ್ ಮ್ಯಾಟು. ಟಾರ್ಪಾಲು ಟೆಂಟಿನ ಅಂಚಿನಿಂದ ಹೊರಗೆ ಚಾಚಬಾರದು, ಚಾಚಿದರೆ ಇಬ್ಬನಿ ನೀರೆಲ್ಲ ನಿಮ್ಮಡಿಗೆ ಬರುತ್ತದೆ. ಹೊರಡುವ ವಾರ ಮೊದಲು ನಿಮ್ಮದೇ ಅಂಗಳದಲ್ಲಿ ಒಂದು ರಾತ್ರಿ ಹಾಕಿ ಮಲಗಿ. ಸಾಮಾನಿನಲ್ಲಿ ಏನು ಬಿಟ್ಟುಹೋಗಿದೆ ಅಂತ ಆವತ್ತೇ ಗೊತ್ತಾಗುತ್ತದೆ.

ರಾತ್ರಿ ಹೊರಗೆ ಕಾಲಿಡುವಾಗ ಚಪ್ಪಲಿ ಅಲ್ಲ, ಬೂಟು. ಹಾಕುವ ಮೊದಲು ಕೊಡವಿ. ಕೊಳಕುಮಂಡಲ ದಾರಿ ಬಿಟ್ಟು ಸರಿಯುವ ಹಾವಲ್ಲ, ತರಗೆಲೆಯ ನಡುವೆ ಕಾಣುವುದೂ ಇಲ್ಲ. ಯಾರಿಗಾದರೂ ಕಚ್ಚಿದರೆ ಕಟ್ಟು ಹಾಕುವುದು, ಕೊಯ್ಯುವುದು ಏನೂ ಮಾಡದೆ, ನಡೆಸದೆ, ನೇರ ಪ್ರತಿವಿಷ ಇರುವ ಆಸ್ಪತ್ರೆಗೆ. ಆಂಬುಲೆನ್ಸಿಗೆ 108, ಬೇರೆ ಯಾವುದಕ್ಕೂ 112. ಗುಡ್ಡದಿಂದ ಇಳಿದ ಮೇಲೆ ಮಕ್ಕಳ ಕಿವಿಯ ಹಿಂದೆ, ಸೊಂಟದ ಸುತ್ತ ಉಣ್ಣಿ ಹತ್ತಿದೆಯಾ ಅಂತ ನೋಡಿ.

ಅತ್ತೆಯವರನ್ನು ಬಿಟ್ಟು ಹೋಗಬೇಡಿ. ಈ ಲೆಕ್ಕದಲ್ಲಿ ಅವರಿಗೂ ಜಾಗ ಇದೆ. ಎರಡೂ ಕಡೆ ಪಕ್ಕದಲ್ಲೇ ಮನೆ ಇರುವುದರಿಂದ ಅವರು ಒಳಗೆ ಮಂಚದಲ್ಲಿ ಮಲಗಬಹುದು, ರಾತ್ರಿ ಊಟದ ತನಕ ಹೊರಗೆ ಕುರ್ಚಿ ಹಾಕಿ ಕೂರಬಹುದು. ಮೊಣಗಂಟು ನೋವಿನವರಿಗೆ ಟೆಂಟಿನೊಳಗೆ ಬಗ್ಗಿ ನುಗ್ಗುವುದು, ನೆಲದಿಂದ ಏಳುವುದು ಎರಡೂ ಶಿಕ್ಷೆ. ಪೊಸಡಿ ಗುಂಪೆಗೆ ವಾಹನ ಸಾಕಷ್ಟು ಹತ್ತಿರ ಹೋಗುತ್ತದೆ. ತುದಿ ಮುಟ್ಟದಿದ್ದರೂ ಅರ್ಧದಲ್ಲಿ ಕೂತು ನೋಡಬಹುದು. ಬಾಯಾರು ಕಡೆ ಆ ದಿನಗಳಲ್ಲಿ ಎಲ್ಲಾದರೂ ಭೂತದ ಕೋಲವೋ ಯಕ್ಷಗಾನವೋ ಇರುವ ಸಂಭವ ಇದೆ, ದೀಪಾವಳಿ ಕಳೆದು ಮೇ ಕೊನೆಯ ಪತ್ತನಾಜೆಯ ತನಕ ಅದರ ಕಾಲ ಅಲ್ವಾ. ಇದ್ದರೆ ಟೆಂಟ್ ಒಂದು ಬದಿಗಿರಲಿ, ಅತ್ತೆಯ ಜೊತೆ ಮಕ್ಕಳನ್ನು ಅಲ್ಲಿಗೆ ಕಳಿಸಿ.

ಅಡುಗೆಯ ಗೌಜಿ ಬೇಡ. ಕಡಲ ಬದಿಯ ರಾತ್ರಿ ಹೋಂಸ್ಟೇಯವರ ಊಟ, ಗುಡ್ಡದ ಬದಿಯ ರಾತ್ರಿ ಕುಚ್ಚಲಕ್ಕಿ ಗಂಜಿ, ಚಟ್ನಿ, ಸುಟ್ಟ ಹಪ್ಪಳ. ಬೆಳಗ್ಗೆ ಐದೂವರೆಗೆ ಒಲೆ ಹಚ್ಚುತ್ತಾ ಕೂತರೆ ಸೂರ್ಯ ಕಾಯುವುದಿಲ್ಲ. ಹಿಂದಿನ ರಾತ್ರಿಯೇ ಅವಲಕ್ಕಿಗೆ ಬೆಲ್ಲ ಕಲಸಿ ಡಬ್ಬಿಯಲ್ಲಿಡಿ, ಕಾಯಿತುರಿ ಮಾತ್ರ ಬೆಳಗ್ಗೆಯೇ ಹಾಕಿ, ರಾತ್ರಿಯೇ ಹಾಕಿದರೆ ಹಳಸುತ್ತದೆ. ಫ್ಲಾಸ್ಕಿನಲ್ಲಿ ಕಾಫಿ.

ಕ್ರಮ ಹೀಗೆ ಇಟ್ಟುಕೊಳ್ಳಿ: ಮೊದಲ ರಾತ್ರಿ ಪೊಸಡಿ ಗುಂಪೆಯ ಬುಡ, ಮನೆಗೆ ಹತ್ತಿರ, ಏನಾದರೂ ಮರೆತಿದ್ದರೆ ಹೋಗಿ ತರಬಹುದು. ಬೆಳಗ್ಗೆ ಗುಡ್ಡ ಹತ್ತಿ ಇಳಿದು, ತಿಂಡಿ ಮುಗಿಸಿ ತೆಂಕಕ್ಕೆ ಹೊರಡಿ. ದಾರಿಯಲ್ಲಿ ಬೇಕಲ ಕೋಟೆ. ಶಿವಪ್ಪ ನಾಯಕನ ಕಾಲದ ಕೋಟೆ, ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಕಲ್ಲು ಕಾದಿರುತ್ತದೆ, ಟೊಪ್ಪಿ ಇರಲಿ. ನಾಲ್ಕು ಗಂಟೆಯೊಳಗೆ ವಲಿಯಪರಂಬ ಮುಟ್ಟಿದರೆ ಬೆಳಕಿರುವಾಗಲೇ ಟೆಂಟ್ ಹಾಕಿ, ಆರಕ್ಕೆ ಕಡಲ ಬದಿಗೆ ನಡೆಯಬಹುದು. ಕ್ರಿಸ್ಮಸಿನಿಂದ ಹೊಸ ವರ್ಷದ ತನಕ ಅಲ್ಲಿ ಬುಕಿಂಗ್ ಬೇಗ ತುಂಬುತ್ತದೆ. ಶನಿವಾರ ಭಾನುವಾರ ಬಿಟ್ಟು ನಡುವಾರದ ದಿನ ಹಿಡಿಯಿರಿ, ಫೋನ್ ಈ ವಾರವೇ ಮಾಡಿ. ಮಾಡುವಾಗ ಕೋಣೆ ಒಂದು, ಟೆಂಟಿಗೆ ಹಿತ್ತಲಿನಲ್ಲಿ ಜಾಗ, ಐದು ಜನರ ಊಟ ಅಂತ ಮೂರನ್ನೂ ಬಿಡಿಸಿ ಹೇಳಿ, ಕಕ್ಕಸು ರಾತ್ರಿಯಿಡೀ ತೆರೆದಿರುತ್ತದಾ ಅಂತಲೂ ಕೇಳಿ.